ಸುಮ್ಮನಿದ್ದರೆ ಕೆಡುವ ಯಂತ್ರ

ಬೆಂಗಳೂರಿನಂಥ ಊರಿನ ಯಾವುದೋ ಒಂದು ಫೋಟೋಗ್ರಫಿ ಕ್ಲಬ್ಬು ಎಂದುಕೊಳ್ಳಿ. ಸದಸ್ಯರ ವಂತಿಗೆಯಿಂದ ಒಂದಿಷ್ಟು ದುಡ್ಡು ಕೂಡಿದೆ. ಎಲ್ಲರಿಗೂ ಉಪಯೋಗವಾಗುವ ಹಾಗೆ ಸ್ಕ್ಯಾನರ್ ಮತ್ತು ಪ್ರಿಂಟರ್ ಕೊಳ್ಳೋಣ ಎಂಬ ಸಲಹೆ ಸಭೆಯ ಮುಂದಿದೆ. ಮಾತನಾಡುತ್ತಿರುವವರು ಇಬ್ಬರು: ಡಾರ್ಕ್‌ರೂಮ್ ಕಾಲದಿಂದ ಇರುವ ಹಿರಿಯ ಸದಸ್ಯರು ಮತ್ತು ಕ್ಲಬ್ಬಿನ ಖಜಾಂಚಿ.

ಹಿರಿಯರು: ಇದರಲ್ಲಿ ಇಷ್ಟೊಂದು ಚರ್ಚೆ ಮಾಡುವುದೇನಿದೆ ಮೇಡಂ? ಹದಿನೇಳು ಇಂಚಿನ ಪಿಗ್‌ಮೆಂಟ್ ಪ್ರಿಂಟರ್ ಒಂದು, ಒಳ್ಳೆಯ ಫಿಲ್ಮ್ ಸ್ಕ್ಯಾನರ್ ಒಂದು. ಒಬ್ಬೊಬ್ಬರೇ ಕೊಳ್ಳಲಾಗದ್ದನ್ನು ಹತ್ತು ಜನ ಸೇರಿ ಕೊಳ್ಳುವುದಕ್ಕೇ ಅಲ್ಲವೇ ಕ್ಲಬ್ಬು ಇರುವುದು? ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾದ 1971ರ ಹೊತ್ತಿನಲ್ಲಿ ಮನೆಯಲ್ಲೇ ಎನ್‌ಲಾರ್ಜರ್ ಇಟ್ಟುಕೊಳ್ಳುವ ಶಕ್ತಿ ಎಷ್ಟು ಜನರಿಗಿತ್ತು? ಒಂದು ಎನ್‌ಲಾರ್ಜರ್, ನಾಲ್ಕು ಟ್ರೇ, ಒಂದು ಕೆಂಪು ದೀಪ ಇದ್ದರೆ ಸರದಿ ಹಾಕಿಕೊಂಡು ಎಷ್ಟೋ ಮಂದಿ ಪ್ರಿಂಟ್ ಮಾಡುವುದನ್ನು ಕಲಿಯುತ್ತಿದ್ದರು. ಈಗಿನವರು ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಕಾಗದದ ಮೇಲೆ ಬಾರದ ಚಿತ್ರವನ್ನು ಚಿತ್ರ ಎನ್ನಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಆ ಡಾರ್ಕ್‌ರೂಮಿನ ಜಾಗಕ್ಕೆ ಇವತ್ತು ಬರಬೇಕಾದದ್ದು ಒಳ್ಳೆಯ ಪ್ರಿಂಟರ್.

ಖಜಾಂಚಿ: ಚಿತ್ರ ಕಾಗದಕ್ಕೆ ಬರಬೇಕು ಎನ್ನುವುದರಲ್ಲಿ ನನ್ನ ತಕರಾರಿಲ್ಲ ಸರ್. ಡಾರ್ಕ್‌ರೂಮಿನ ಜಾಗಕ್ಕೆ ಪ್ರಿಂಟರ್ ಬರುತ್ತದೆ ಎನ್ನುವುದನ್ನು ಮಾತ್ರ ಒಪ್ಪಲಾರೆ. ಆ ಡಾರ್ಕ್‌ರೂಮ್ ಹಂಚಿಕೊಳ್ಳುವುದಕ್ಕೆ ಅಷ್ಟು ಚೆನ್ನಾಗಿ ಹೊಂದುತ್ತಿತ್ತಲ್ಲ, ಏಕೆ ಎಂದು ಸ್ವಲ್ಪ ಬಿಡಿಸಿ ನೋಡೋಣ. ಎನ್‌ಲಾರ್ಜರ್ ಎಂದರೆ ಒಂದು ಕಂಬ, ಒಂದು ಬಲ್ಬು, ಒಂದು ಲೆನ್ಸು. ಆರು ತಿಂಗಳು ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟರೂ ಮರುದಿನ ಸ್ವಿಚ್ ಒತ್ತಿದರೆ ಉರಿಯುತ್ತಿತ್ತು. ಕೆಡುವಂಥದ್ದೆಲ್ಲ, ಅಂದರೆ ಡೆವಲಪರ್ ಮತ್ತು ಫಿಕ್ಸರ್, ಬೇರೆಯಾಗಿ ಬಾಟಲಿಯಲ್ಲಿರುತ್ತಿತ್ತು. ಬಂದವರು ಬೇಕಾದಷ್ಟು ಕಲಸಿಕೊಂಡು, ಕೆಲಸ ಮುಗಿದ ಮೇಲೆ ಚೆಲ್ಲಿ ಹೋಗುತ್ತಿದ್ದರು. ಬಾಳುವ ಭಾಗ ಕ್ಲಬ್ಬಿನದು, ಕೆಡುವ ಭಾಗ ಆ ದಿನ ಬಂದವರದು. ಇಂಕ್‌ಜೆಟ್ ಪ್ರಿಂಟರಿನಲ್ಲಿ ಇವೆರಡೂ ಒಂದೇ ಪೆಟ್ಟಿಗೆಯೊಳಗೆ ಸೇರಿಕೊಂಡಿವೆ. ಕೂದಲಿಗಿಂತ ಸಣ್ಣ ರಂಧ್ರಗಳಿರುವ ಹೆಡ್ಡು ಯಂತ್ರದ ಪ್ರಾಣ, ಆ ರಂಧ್ರಗಳಲ್ಲಿ ಸದಾ ನಿಂತಿರುವುದು ಒಣಗುವ ಇಂಕು. ಪಿಗ್‌ಮೆಂಟ್ ಇಂಕ್ ಎಂದರೆ ದ್ರವದಲ್ಲಿ ತೇಲುವ ಬಣ್ಣದ ಕಣಗಳು. ದ್ರವ ಆರಿದರೆ ಕಣ ಅಲ್ಲೇ ಕೂರುತ್ತದೆ. ಆಗ ಕ್ಲೀನಿಂಗ್ ಸೈಕಲ್ ಓಡಿಸಬೇಕು. ಅದು ಹೀರುವುದೂ ಇಂಕನ್ನೇ, ಹೀರಿದ್ದೆಲ್ಲ ಹೋಗುವುದು ಮೇಂಟೆನೆನ್ಸ್ ಟ್ಯಾಂಕಿಗೆ. ಅದು ತುಂಬಿದರೆ ಅದನ್ನೂ ದುಡ್ಡು ಕೊಟ್ಟು ಬದಲಿಸಬೇಕು. ಒಂದು ಹಾಳೆಯೂ ಪ್ರಿಂಟಾಗದ ತಿಂಗಳಿನಲ್ಲೂ ಖರ್ಚು ಇದ್ದೇ ಇರುತ್ತದೆ.

ಹಿರಿಯರು: ಅದು ಬಳಸದೆ ಬಿಟ್ಟವರ ಕತೆ. ನಾವು ಬಳಸುತ್ತೇವೆ. ಇಷ್ಟು ಜನರಿರುವ ಕ್ಲಬ್ಬಿನಲ್ಲಿ ಪ್ರಿಂಟರು ಸುಮ್ಮನೆ ಕೂರುವುದಾದರೂ ಹೇಗೆ?

ಖಜಾಂಚಿ: ಜನ ಎಷ್ಟಿದ್ದಾರೆ ಎನ್ನುವುದಕ್ಕಿಂತ ಅವರು ಯಾವಾಗ ಬರುತ್ತಾರೆ ಎನ್ನುವುದನ್ನು ನೋಡಬೇಕು ಸರ್. ಕ್ಲಬ್ಬಿನ ಪ್ರಿಂಟಿಂಗ್ ಯಾವತ್ತೂ ಸಮನಾಗಿ ಹರಡಿಕೊಳ್ಳುವುದಿಲ್ಲ. ಸಲೋನ್‌ಗೆ (ಛಾಯಾಚಿತ್ರ ಸ್ಪರ್ಧೆಗೆ) ಕಳಿಸುವ ಕೊನೆಯ ದಿನದ ಹಿಂದಿನ ವಾರ ಎಲ್ಲರಿಗೂ ಒಟ್ಟಿಗೇ ಬೇಕು, ಆಮೇಲೆ ಎರಡು ತಿಂಗಳು ಯಾರಿಗೂ ಬೇಡ. ಒಬ್ಬೊಬ್ಬರಾಗಿ ನೋಡಿದರೆ ಎಲ್ಲರೂ ಬಳಸುವವರೇ, ಯಂತ್ರದ ಕಡೆಯಿಂದ ನೋಡಿದರೆ ಅದು ವರ್ಷದ ಬಹುಪಾಲು ಉಪವಾಸ. ಎಪ್ಸನ್ ಕಂಪನಿಯೇ ಕಾರ್ಟ್ರಿಜ್ ತೆರೆದ ಆರು ತಿಂಗಳೊಳಗೆ ಮುಗಿಸಿ ಎಂದು ಸಲಹೆ ಕೊಡುತ್ತದೆ. ಕ್ಯಾನನ್‌ನ ಹದಿನೇಳು ಇಂಚಿನ ಪ್ರೊ-1000ರಲ್ಲಿ 80 ಮಿ.ಲೀ. ಹಿಡಿಯುವ 12 ಕಾರ್ಟ್ರಿಜ್‌ಗಳಿವೆ, ಹತ್ತಿರ ಹತ್ತಿರ ಒಂದು ಲೀಟರು. ಎಪ್ಸನ್‌ನ ಪಿ-900ರಲ್ಲಿ 50 ಮಿ.ಲೀ.ಯ 10, ಅಂದರೆ ಅರ್ಧ ಲೀಟರು. ಅಷ್ಟು ಇಂಕು ಗಡುವಿನೊಳಗೆ ಕಾಗದಕ್ಕೆ ಇಳಿಯಬೇಕಾದರೆ ವಾರವಾರವೂ ಪ್ರಿಂಟ್ ಮಾಡುವವರು ಬೇಕು. ಇನ್ನೊಂದು ವಿಷಯ: ಎಪ್ಸನ್ ಹೆಡ್ಡು ಕಟ್ಟಿಕೊಂಡು ಬಿಡದೇ ಹೋದರೆ ನಾವೇ ಬದಲಿಸುವಂಥದ್ದಲ್ಲ, ಸರ್ವಿಸ್‌ನವರೇ ಬರಬೇಕು. ಕ್ಯಾನನ್‌ದನ್ನು ಬಳಸುವವರೇ ಬದಲಿಸಬಹುದು ನಿಜ, ಆದರೆ ಹೆಡ್ಡಿನ ಬೆಲೆ ಯಾರ ತಲೆಗೆ? ಮೂರು ವಾರದ ಹಿಂದೆ ಕೊನೆಯ ಬಾರಿ ಬಳಸಿದವರ ತಲೆಗೋ, ಇವತ್ತು ಸ್ವಿಚ್ ಹಾಕಿದವರ ತಲೆಗೋ? ಸುಮ್ಮನಿದ್ದು ಕೆಟ್ಟ ಯಂತ್ರಕ್ಕೆ ಕೆಡಿಸಿದವರು ಅಂತ ಯಾರೂ ಇರುವುದಿಲ್ಲ. ಸಂಘದ ಜಗಳಗಳೆಲ್ಲ ಶುರುವಾಗುವುದು ಇಂಥ ಕಡೆಯೇ.

ಹಿರಿಯರು: ನಿಮ್ಮ ಲೆಕ್ಕ ಹಿಡಿದರೆ ಕ್ಲಬ್ಬು ಏನನ್ನೂ ಕೊಳ್ಳುವ ಹಾಗೇ ಇಲ್ಲ.

ಖಜಾಂಚಿ: ಕೊಳ್ಳೋಣ. ಆದರೆ ಯಾವುದು ಶ್ರೇಷ್ಠ ಎನ್ನುವ ಪ್ರಶ್ನೆಯನ್ನು ಆಮೇಲಕ್ಕಿಟ್ಟು, ಯಾರೂ ಮುಟ್ಟದಿದ್ದಾಗ ಈ ಯಂತ್ರಕ್ಕೆ ಏನಾಗುತ್ತದೆ ಎಂದು ಮೊದಲು ಕೇಳೋಣ. ವೈಯಕ್ತಿಕವಾಗಿ ಕೊಳ್ಳುವವರಿಗೆ ಈ ಪ್ರಶ್ನೆ ಮುಖ್ಯವಲ್ಲ, ಸಂಘಕ್ಕೆ ಇದೇ ಮೊದಲನೆಯದು. ಈ ದೃಷ್ಟಿಯಿಂದ ಸ್ಕ್ಯಾನರ್ ಮತ್ತು ಪ್ರಿಂಟರ್ ಬೇರೆ ಬೇರೆ ಜಾತಿ. ಸ್ಕ್ಯಾನಿಂಗ್ ಎನ್ನುವುದು ಮುಗಿಯುವ ಕೆಲಸ. ಸದಸ್ಯರ ಬೀರುಗಳಲ್ಲಿರುವ ನೆಗೆಟಿವ್, ಸ್ಲೈಡುಗಳು ಎಷ್ಟೇ ಇರಲಿ, ಒಂದು ದಿನ ಖಾಲಿಯಾಗುತ್ತವೆ. ಈಗಲೂ ಫಿಲ್ಮಿನಲ್ಲಿ ತೆಗೆಯುವ ಕೆಲವರಿದ್ದಾರೆ, ಅವರ ರೋಲುಗಳಿಗೆ ತಿಂಗಳಿಗೊಂದು ಸಂಜೆ ಸಾಕು. ಯಂತ್ರ ನಡುವೆ ಆರು ತಿಂಗಳು ನಿಂತರೂ ಗಾಜು ಒರೆಸಿ ಮತ್ತೆ ಶುರು ಮಾಡಬಹುದು. ಆದ್ದರಿಂದ ಸ್ಕ್ಯಾನಿಂಗ್ ಸಲಕರಣೆ ಕ್ಲಬ್ಬಿನದಾಗಲಿ, ಪ್ರಿಂಟರ್ ಬೇಡ ಎನ್ನುವುದು ನನ್ನ ವಾದ.

ಹಿರಿಯರು: ಸರಿ, ಮೊದಲು ಸ್ಕ್ಯಾನರಿಗೇ ಬರೋಣ. ನನ್ನ ಆಯ್ಕೆ ನಿಕಾನ್ ಕೂಲ್‌ಸ್ಕ್ಯಾನ್. 4,000 ಡಿಪಿಐ ಎಂದು ಹೇಳಿದರೆ ನಿಜಕ್ಕೂ ಅದರ ಹತ್ತಿರ ಕೊಡುವ ಯಂತ್ರ. ಈಗಿನ ಫ್ಲಾಟ್‌ಬೆಡ್‌ಗಳ ಡಬ್ಬದ ಮೇಲೆ 6,400 ಎಂದು ಬರೆದಿರುತ್ತದೆ, ಸ್ಕ್ಯಾನ್ ಮಾಡಿ ನೋಡಿದರೆ ಎಲೆಯ ನರವೂ ಕಾಣುವುದಿಲ್ಲ.

ಖಜಾಂಚಿ: ಡಬ್ಬದ ಮೇಲಿನ ಅಂಕಿಯ ಬಗ್ಗೆ ನೀವು ಹೇಳಿದ್ದು ಪೂರಾ ಸರಿ. ಎಪ್ಸನ್ ವಿ-850ರಂಥ ದೊಡ್ಡ ಫ್ಲಾಟ್‌ಬೆಡ್ಡಿನಲ್ಲೂ ಗೆರೆಗಳ ಪರೀಕ್ಷಾ ಚಾರ್ಟ್ ಇಟ್ಟು ಅಳೆದವರಿಗೆ ಸಿಕ್ಕಿರುವುದು 2,300ರ ಆಸುಪಾಸು. ಆದರೆ ನಮಗೆ ಎಷ್ಟು ಬೇಕು? ಅದನ್ನು ಹೇಳಬೇಕಾದದ್ದು ಗೋಡೆಯ ಮೇಲೆ ತೂಗುವ ಪ್ರಿಂಟು. ಅಂತರರಾಷ್ಟ್ರೀಯ ಛಾಯಾಗ್ರಹಣ ಒಕ್ಕೂಟವಾದ ಫಿಯಾಪ್ ನಿಯಮದ ಸಲೋನ್‌ಗಳಲ್ಲಿ ಪ್ರಿಂಟಿನ ಗರಿಷ್ಠ ಅಳತೆ 30×40 ಸೆಂ.ಮೀ. ಇಂಚಿಗೆ 300 ಬಿಂದುವಿನಂತೆ ಅದಕ್ಕೆ ಬೇಕಾದದ್ದು ಸುಮಾರು 3,540×4,720 ಪಿಕ್ಸೆಲ್. 35 ಎಂ.ಎಂ. ಫಿಲ್ಮಿನ ಫ್ರೇಮಿನ ಅಗಲ 24 ಮಿ.ಮೀ.; ಅದನ್ನು 4,000ದಲ್ಲಿ ಓದಿದರೆ 3,780 ಪಿಕ್ಸೆಲ್ ಸಿಗುತ್ತದೆ, ಸಾಕು. ಫ್ಲಾಟ್‌ಬೆಡ್ಡಿನ ನಿಜವಾದ 2,300ರಲ್ಲಿ ಓದಿದರೆ ಸುಮಾರು 2,170, ಅಂದರೆ ಅದೇ ಪ್ರಿಂಟಿನಲ್ಲಿ ಇಂಚಿಗೆ 185ರ ಒಳಗೆ, ಸಾಲದು. ಅದೇ ಫ್ಲಾಟ್‌ಬೆಡ್ಡಿನ ಮೇಲೆ ಯಾಶಿಕಾ-ಮ್ಯಾಟ್‌ನಲ್ಲೋ ರೋಲಿಫ್ಲೆಕ್ಸ್‌ನಲ್ಲೋ ತೆಗೆದ 120 ರೋಲಿನ 6×6 ನೆಗೆಟಿವ್ ಇಡಿ. ಅದರ 56 ಮಿ.ಮೀ.ಗೆ 5,000ಕ್ಕೂ ಹೆಚ್ಚು ಪಿಕ್ಸೆಲ್ ಬಂದು, ಪ್ರಿಂಟಿಗೆ ಬೇಕಾದದ್ದಕ್ಕಿಂತ ಮಿಗುತ್ತದೆ. ಹಾಗಾಗಿ ಫ್ಲಾಟ್‌ಬೆಡ್ ಒಳ್ಳೆಯದೋ ಕೆಟ್ಟದ್ದೋ ಎಂದು ಅದನ್ನು ನೋಡಿ ಹೇಳಲಾಗದು, ಸದಸ್ಯರ ಬೀರುವಿನಲ್ಲಿ ಏನಿದೆ ಎಂದು ನೋಡಿ ಹೇಳಬೇಕು. ಕೊಳ್ಳುವ ಮೊದಲು ಒಂದು ಕಾಗದ ಸುತ್ತಿಸಿ, ಯಾರ ಬಳಿ 120 ರೋಲಿನವು ಎಷ್ಟು, 35 ಎಂ.ಎಂ. ಎಷ್ಟು, ಅದರಲ್ಲಿ ಬಣ್ಣದ್ದೆಷ್ಟು, ಕಪ್ಪು-ಬಿಳುಪು ಎಷ್ಟು ಎಂದು ಬರೆಸಿಕೊಂಡರೆ ಅರ್ಧ ನಿರ್ಧಾರ ಅಲ್ಲೇ ಆಗುತ್ತದೆ. ಹಳೆಯ ಆಲ್ಬಮ್ಮಿನ ಪ್ರಿಂಟುಗಳಿಗೂ ಫ್ಲಾಟ್‌ಬೆಡ್ಡೇ ಬೇಕು. ಸೆಕೆಂಡ್ ಹ್ಯಾಂಡ್ ಆದರೂ ನಡೆದೀತು.

ಹಿರಿಯರು: ನಮ್ಮಲ್ಲಿ ಹೆಚ್ಚಿನದು 35 ಎಂ.ಎಂ. ಅದಕ್ಕೇ ಕೂಲ್‌ಸ್ಕ್ಯಾನ್ ಎಂದದ್ದು.

ಖಜಾಂಚಿ: ಆ ಯಂತ್ರದ ಗುಣ ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಕಾನ್ ಆ ಸಾಲನ್ನು ಕೈಬಿಟ್ಟು ಹದಿನೈದು ವರ್ಷದ ಮೇಲಾಯಿತು. ನಿಕಾನ್‌ನದೇ ಸಾಫ್ಟ್‌ವೇರು ಈಗಿನ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುವುದಿಲ್ಲ, ವ್ಯೂಸ್ಕ್ಯಾನ್ ಅಥವಾ ಸಿಲ್ವರ್‌ಫಾಸ್ಟ್ ಬೇರೆ ಕೊಳ್ಳಬೇಕು. 120 ಫಿಲ್ಮನ್ನೂ ಓದುವ 9000 ಮಾದರಿಗೆ ಫೈರ್‌ವೈರ್ ಕೇಬಲ್ ಬೇಕು, ಆ ಕಿಂಡಿ ಇರುವ ಕಂಪ್ಯೂಟರನ್ನೇ ಹುಡುಕಬೇಕಾದ ಕಾಲ ಇದು. ಒಳಗಿನ ಕನ್ನಡಿಗೆ ಧೂಳು ಕೂತರೆ ಬಿಳಿಯ ಅಂಚುಗಳೆಲ್ಲ ಮಂಜು ಕವಿದ ಹಾಗೆ ಹರಡುತ್ತವೆ, ಬಿಚ್ಚಿ ಒರೆಸುವ ಕೈ ಬೇಕು. ಅಕ್ಕರೆಯಿಂದ ನೋಡಿಕೊಳ್ಳುವ ಒಬ್ಬರ ಮನೆಯಲ್ಲಾದರೆ ಅದು ಇನ್ನೂ ಹತ್ತು ವರ್ಷ ನಡೆದೀತು. ಹತ್ತು ಕೈಗಳಿಗೆ ಬಿದ್ದರೆ ಮೊದಲ ಬಾರಿ ಕೆಟ್ಟದ್ದೇ ಕೊನೆ. ಹೊಸದಾಗಿ ಸಿಗುವ ಪ್ಲಸ್‌ಟೆಕ್‌ನಂಥವು ಪರವಾಗಿಲ್ಲ, ಆದರೆ ಅವು ಒಂದೊಂದೇ ಫ್ರೇಮನ್ನು ಕೈಯಿಂದ ತಳ್ಳುವ ಯಂತ್ರಗಳು. ಫ್ರೇಮಿಗೆ ಐದು ನಿಮಿಷ ಎಂದರೂ 36 ಫ್ರೇಮಿನ ರೋಲಿಗೆ ಮೂರು ಗಂಟೆ. ಸರದಿಯಲ್ಲಿ ಕಾಯುವ ಕ್ಲಬ್ಬಿಗೆ ವೇಗವೂ ಗುಣದ ಒಂದು ಭಾಗವೇ.

ಹಿರಿಯರು: ಹಾಗಾದರೆ ಕ್ಯಾಮೆರಾದಿಂದಲೇ ನೆಗೆಟಿವ್‌ನ ಫೋಟೋ ತೆಗೆಯುವ ಆ ಹೊಸ ಫ್ಯಾಷನ್ನಿಗೆ ಬರುತ್ತೀರಿ ಅಂತಾಯಿತು.

ಖಜಾಂಚಿ: ಬರುತ್ತೇನೆ, ಮತ್ತು ಅದು ಅಷ್ಟು ಹೊಸದೂ ಅಲ್ಲ. ಸ್ಲೈಡ್ ಕಾಪಿ ಮಾಡುವ ಸ್ಟ್ಯಾಂಡ್ ನಿಮ್ಮ ಕಾಲದಲ್ಲೂ ಇತ್ತು. ಲೆಕ್ಕ ನೋಡಿ: 24 ಮೆಗಾಪಿಕ್ಸೆಲ್‌ನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಉದ್ದಕ್ಕೆ 6,000 ಪಿಕ್ಸೆಲ್. ಒಂದಕ್ಕೊಂದು ಅಳತೆಯ ಮ್ಯಾಕ್ರೋ ಲೆನ್ಸಿನಲ್ಲಿ 36 ಮಿ.ಮೀ. ಫಿಲ್ಮು ಆ ಉದ್ದವನ್ನು ತುಂಬಿದರೆ ಇಂಚಿಗೆ 4,200ರ ಮೇಲಾಯಿತು. ಸೆನ್ಸರಿನಲ್ಲಿ ಒಂದೊಂದು ಬಿಂದು ಒಂದೇ ಬಣ್ಣ ಓದುವುದರಿಂದ ಕೂಲ್‌ಸ್ಕ್ಯಾನಿಗೆ ಪೂರ್ತಿ ಸಮ ಅಲ್ಲದಿರಬಹುದು, ನಮ್ಮ 30×40ಕ್ಕೆ ಮಾತ್ರ ಧಾರಾಳ. ಹೋಲ್ಡರಿನಲ್ಲಿ ಪಟ್ಟಿಯನ್ನು ಸರಿಸುತ್ತಾ ಹೋದರೆ ಒಂದು ರೋಲು ಕಾಲು ಗಂಟೆಯ ಕೆಲಸ. ಕ್ಯಾಮೆರಾ ಎಲ್ಲರ ಬಳಿ ಇದೆ, ಕ್ಲಬ್ಬು ಕೊಡಬೇಕಾದದ್ದು ಅಲುಗದ ಕಾಪಿ ಸ್ಟ್ಯಾಂಡ್, ಫಿಲ್ಮನ್ನು ಮಟ್ಟಸವಾಗಿ ಹಿಡಿಯುವ ಹೋಲ್ಡರ್, ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕಿ) 95ಕ್ಕಿಂತ ಮೇಲಿರುವ ಲೈಟ್ ಪ್ಯಾನಲ್, ಒಂದು ಮ್ಯಾಕ್ರೋ ಲೆನ್ಸ್. ಇವೆಲ್ಲ ನಿಮ್ಮ ಎನ್‌ಲಾರ್ಜರಿನ ವಂಶದವೇ ಸರ್: ಕಂಬ, ದೀಪ, ಲೆನ್ಸು. ಯಾವುದೂ ಒಣಗುವುದಿಲ್ಲ, ಒಂದು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು, ಬೇಡವಾದ ದಿನ ಲೆನ್ಸು ಮಾರಿದರೂ ಅರ್ಧ ದುಡ್ಡು ವಾಪಸ್. ಬಣ್ಣದ ನೆಗೆಟಿವಿನ ಕಿತ್ತಳೆ ಪದರವನ್ನು ತೆಗೆದು ಪಾಸಿಟಿವ್ ಮಾಡುವ ಕೆಲಸಕ್ಕೆ ಡಾರ್ಕ್‌ಟೇಬಲ್ ಎಂಬ ಉಚಿತ ತಂತ್ರಾಂಶದಲ್ಲೇ ನೆಗಡಾಕ್ಟರ್ ಎಂಬ ಭಾಗ ಇದೆ. ದುಡ್ಡು ಕೊಡುವವರಿಗೆ ನೆಗೆಟಿವ್ ಲ್ಯಾಬ್ ಪ್ರೊ ಇದೆ.

ಹಿರಿಯರು: ಧೂಳು, ಗೀರು? ಕೂಲ್‌ಸ್ಕ್ಯಾನಿನಲ್ಲಿ ಡಿಜಿಟಲ್ ಐಸ್ ಇತ್ತು. ಇನ್‌ಫ್ರಾರೆಡ್ ಬೆಳಕಿನಲ್ಲಿ ಇನ್ನೊಮ್ಮೆ ಓದಿ ಧೂಳನ್ನು ತಾನೇ ಗುರುತಿಸಿ ಅಳಿಸುತ್ತಿತ್ತು. ಕ್ಯಾಮೆರಾದಲ್ಲಿ ಅದೆಲ್ಲಿ? ಕರಾವಳಿಯಲ್ಲಿ ಇಟ್ಟ ಸ್ಲೈಡುಗಳನ್ನು ನೋಡಿದ್ದೀರಾ, ಮಳೆಗಾಲಕ್ಕೊಂದು ಪದರ ಬೂಷ್ಟು.

ಖಜಾಂಚಿ: ಕ್ಯಾಮೆರಾ ವಿಧಾನಕ್ಕೆ ನಿಜವಾದ ಆಕ್ಷೇಪ ಎಂದರೆ ಇದೊಂದೇ, ಇದನ್ನು ತಳ್ಳಿಹಾಕುವುದಿಲ್ಲ. ಆದರೆ ಐಸ್‌ಗೂ ಮಿತಿ ಇದೆ. ಬಣ್ಣದ ಫಿಲ್ಮಿನ ಡೈಗಳು ಇನ್‌ಫ್ರಾರೆಡ್‌ಗೆ ಪಾರದರ್ಶಕ, ಧೂಳು ಅಲ್ಲ. ಆ ವ್ಯತ್ಯಾಸದ ಮೇಲೇ ಆ ತಂತ್ರ ನಿಂತಿರುವುದು. ಮಾಮೂಲು ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿ, ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ, ಆಗ ಯಂತ್ರಕ್ಕೆ ಚಿತ್ರವೂ ಧೂಳಿನಂತೆಯೇ ಕಾಣುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ಇಂದು ಫಿಲ್ಮಿನ ನೆಗೆಟಿವ್‌ಗಳು ನಮ್ಮ ಹಿರಿಯ ಸದಸ್ಯರಲ್ಲಿ ಎಷ್ಟಿರಬಹುದು! ಅವುಗಳಿಗೆ ಎಷ್ಟು ದುಬಾರಿ ಯಂತ್ರ ತಂದರೂ ಬ್ಲೋವರ್, ಬ್ರಶ್, ತಾಳ್ಮೆ ಇಷ್ಟೇ ಗತಿ. ಕೊಡಾಕ್ರೋಮ್‌ನಲ್ಲೂ ಐಸ್ ನೆಚ್ಚಿಕೊಳ್ಳುವಂತಿಲ್ಲ. ಬಾಕಿ ಉಳಿಯುವುದು ಬೂಷ್ಟು ಹಿಡಿದ ಬಣ್ಣದ ಸ್ಲೈಡು, ಗೀರು ಬಿದ್ದ ಬಣ್ಣದ ನೆಗೆಟಿವ್. ಅಷ್ಟಕ್ಕೆ ಇನ್‌ಫ್ರಾರೆಡ್ ಇರುವ ಸ್ಕ್ಯಾನರನ್ನು ಯಾರಿಂದಲಾದರೂ ಒಂದು ತಿಂಗಳು ಎರವಲು ತರೋಣ, ಸಿಗದಿದ್ದರೆ ಆ ರಾಶಿಯನ್ನು ಲ್ಯಾಬಿಗೆ ಕೊಡೋಣ. ಬೂಷ್ಟು ಜೆಲಟಿನ್ನನ್ನೇ ತಿಂದುಹಾಕಿದ್ದರೆ ಐಸ್ ಮಾಡುವುದೂ ಪಕ್ಕದ ಬಣ್ಣ ತಂದು ತೇಪೆ ಹಾಕುವ ಕೆಲಸವೇ.

ಹಿರಿಯರು: ಸ್ಕ್ಯಾನಿಂಗ್ ವಿಷಯದಲ್ಲಿ ನನ್ನನ್ನು ಹತ್ತಿರ ಹತ್ತಿರ ಒಪ್ಪಿಸಿಬಿಟ್ಟಿರಿ. ಪ್ರಿಂಟಿಂಗ್ ಮಾತ್ರ ಬಿಡುವುದಿಲ್ಲ. ಲ್ಯಾಬಿಗೆ ಕೊಟ್ಟು ತರಿಸಿಕೊಂಡರೆ ಅದು ನನ್ನ ಪ್ರಿಂಟ್ ಹೇಗಾಗುತ್ತದೆ? ಮೊದಲ ಪ್ರಿಂಟ್ ಕಪ್ಪಾಗಿ ಬಂತು, ಎರಡನೆಯದರಲ್ಲಿ ಹಸಿರು ಹೆಚ್ಚಾಯಿತು, ಮೂರನೆಯದರಲ್ಲಿ ಆಕಾಶ ಸರಿಹೋಯಿತು. ಹೀಗೆ ಕಲಿಯುವುದು ತಾನೇ ಕಲಿಕೆ?

ಖಜಾಂಚಿ: ಕಲಿಕೆ ಹೌದು, ಆದರೆ ಅದರಲ್ಲಿ ಯಂತ್ರದಿಂದ ಬರುವ ಪಾಲು ಕಡಿಮೆ. ಮೊದಲ ಪ್ರಿಂಟ್ ಕಪ್ಪಾಗಿ ಬರುವುದಕ್ಕೆ ಬಹುತೇಕ ಪ್ರಿಂಟರು ಕಾರಣವಲ್ಲ, ಮನೆಯ ಮಾನಿಟರು. ಅಂಗಡಿಯಿಂದ ಬಂದ ಮಾನಿಟರ್ ಕಣ್ಣು ಕುಕ್ಕುವಷ್ಟು ಬೆಳಗುತ್ತಿರುತ್ತದೆ. ಪ್ರಿಂಟಿಗಾಗಿ ನೋಡುವಾಗ ಅದು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾದಷ್ಟಿದ್ದರೆ ಸಾಕು. ಹೆಚ್ಚು ಬೆಳಕಿನ ಪರದೆಯಲ್ಲಿ ನೋಡಿ ತಿದ್ದಿದವರು ಚಿತ್ರವನ್ನು ಗೊತ್ತಿಲ್ಲದೆ ಕಪ್ಪು ಮಾಡಿರುತ್ತಾರೆ. ಅದಕ್ಕೆ ಬೇಕಾದದ್ದು ಕ್ಯಾಲಿಬ್ರೇಟರ್. ಕ್ಯಾಲಿಬ್ರೈಟ್‌ನದೋ ಸ್ಪೈಡರೋ, ಅಂಗೈಯಲ್ಲಿ ಹಿಡಿಯುವ ಸಾಧನ. ಮಾನಿಟರಿನ ಬಣ್ಣ ದಿನ ಕಳೆದಂತೆ ಜಾರುವುದರಿಂದ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ, ಅರ್ಧ ಗಂಟೆ ಮಾತ್ರ ಬೇಕು. ಅಂದರೆ ಒಬ್ಬರಿಗೆ ವರ್ಷದಲ್ಲಿ ಕೆಲವೇ ಗಂಟೆ ಬೇಕಾಗಿ, ಉಳಿದ ಹೊತ್ತೆಲ್ಲ ಡ್ರಾಯರಿನಲ್ಲಿ ಕೂರುವ ವಸ್ತು. ಹಂಚಿಕೊಳ್ಳುವುದಕ್ಕೆಂದೇ ಹೇಳಿ ಮಾಡಿಸಿದ ಹಾಗಿದೆ, ಆದರೂ ನಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ದೊಡ್ಡ ಯಂತ್ರಗಳಷ್ಟೇ ಇವೆ! ಇನ್ನೊಂದು, ಪ್ರಿಂಟ್ ನೋಡುವ ದೀಪ. ಮುದ್ರಣದವರು ಪಾಲಿಸುವ ಐಎಸ್‌ಒ 3664 ಪ್ರಕಾರ 5,000 ಕೆಲ್ವಿನ್‌ನ ಬೆಳಕಿನಲ್ಲಿ ನೋಡಬೇಕು. ಸೂಕ್ಷ್ಮವಾಗಿ ಹೋಲಿಸಲು 2,000 ಲಕ್ಸ್, ಮಾಮೂಲಾಗಿ ನೋಡಿ ತೂಗಲು 500 ಲಕ್ಸ್. ನಮ್ಮ ಸಭೆಯ ಕೋಣೆಯ ಟ್ಯೂಬ್‌ಲೈಟಿನ ಕೆಳಗೆ ಹಸಿರು ಹೆಚ್ಚಾಯಿತು ಎಂದು ಪ್ರಿಂಟನ್ನು ಬೈಯುವುದಕ್ಕಿಂತ ಮೊದಲು ಟ್ಯೂಬ್‌ಲೈಟನ್ನು ಅನುಮಾನಿಸಬೇಕು.

ಹಿರಿಯರು: ಆಮೇಲೆ ಪ್ರಿಂಟು ಎಲ್ಲಿಂದ?

ಖಜಾಂಚಿ: ಸುಮ್ಮನಿದ್ದರೆ ಕೆಡುವ ಯಂತ್ರ ಎಂದೂ ಸುಮ್ಮನಿರದ ಜಾಗದಿಂದ. ನಮ್ಮ ಜಿಲ್ಲಾ ಕೇಂದ್ರಗಳಲ್ಲೆಲ್ಲ 12×36ರ ಮದುವೆ ಆಲ್ಬಮ್ ಮಾಡುವ ಲ್ಯಾಬುಗಳಿವೆ. ಅಲ್ಲಿ ಫ್ಯೂಜಿ ಫ್ರಾಂಟಿಯರೋ ನೊರಿಟ್ಸುವೋ ಬೆಳ್ಳಿಯ ಕಾಗದದ ಮೇಲೆ ಬೆಳಕಿನಿಂದ ಪ್ರಿಂಟ್ ಮಾಡುತ್ತಿರುತ್ತದೆ. ಅದರ ರಸಾಯನವೂ ಕಡಿಮೆ ಬಳಸಿದರೆ ಕೆಡುವಂಥದ್ದೇ, ಆದರೆ ಮದುವೆಗಳು ಅದನ್ನು ಓಡಿಸುತ್ತಲೇ ಇರುತ್ತವೆ. ಬೇಕಾದರೆ ಆಷಾಢ ಕಳೆದ ಮೇಲೆ ಹೋಗೋಣ. 4×6ರ ಅಳತೆಯಲ್ಲಿ ನಾಲ್ಕು ಬಗೆಯಾಗಿ ತಿದ್ದಿದ ಪರೀಕ್ಷಾ ಪ್ರಿಂಟ್ ತರಿಸಿ, ನಮ್ಮ ದೀಪದ ಕೆಳಗೆ ಸಾಲಾಗಿಟ್ಟು ಎಲ್ಲರೂ ಸೇರಿ ನೋಡಿದರೆ ನೀವು ಹೇಳಿದ ಒಂದು, ಎರಡು, ಮೂರನೆಯ ಪ್ರಿಂಟಿನ ಪಾಠ ಅಲ್ಲೇ ಆಗುತ್ತದೆ. ಬರೈಟಾ, ಕಾಟನ್ ಕಾಗದ ಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಇಂಕ್‌ಜೆಟ್ ಸ್ಟುಡಿಯೋಗಳಿವೆ. ಅವರ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಕಡತ) ಕೇಳಿ ತಂದರೆ ಪ್ರಿಂಟ್ ಹೇಗೆ ಬಂದೀತು ಎಂದು ಮನೆಯ ಪರದೆಯ ಮೇಲೇ ಸಾಫ್ಟ್ ಪ್ರೂಫ್ ನೋಡಬಹುದು, ಕ್ಲಬ್ಬಿನ ಹೆಸರಲ್ಲಿ ಒಟ್ಟಿಗೆ ಕೊಟ್ಟರೆ ದರದಲ್ಲೂ ಮಾತಾಡಬಹುದು.

ಹಿರಿಯರು: ಬಣ್ಣಕ್ಕೆ ಸರಿ. ಕಪ್ಪು-ಬಿಳುಪಿಗೆ? ಬಣ್ಣದ ಕಾಗದದ ಮೇಲೆ ಲ್ಯಾಬಿನವರು ಮಾಡಿಕೊಡುವ ಕಪ್ಪು-ಬಿಳುಪು ಒಮ್ಮೆ ನೀಲಿ, ಒಮ್ಮೆ ನೇರಳೆ. ಬೂದು ಎನ್ನುವ ಬಣ್ಣವನ್ನೇ ಅವರು ಮರೆತಿದ್ದಾರೆ.

ಖಜಾಂಚಿ: ಈ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಬರೀ ಬಣ್ಣದ ಡೈಗಳಿಂದ ಶುದ್ಧ ಬೂದು ಹುಟ್ಟಿಸುವುದು ಕಷ್ಟ. ಎಪ್ಸನ್ ಎಲ್-1800ರಂಥ ಆರು ಬಣ್ಣದ ಅಗ್ಗದ ಟ್ಯಾಂಕ್ ಪ್ರಿಂಟರಿನಲ್ಲೂ ಬೂದು ಇಂಕ್ ಇಲ್ಲ, ತೊಂದರೆ ಅದೇ. ಎರಡು ಮೂರು ಬಗೆಯ ಬೂದು ಇಂಕಿರುವ ಪಿಗ್‌ಮೆಂಟ್ ಯಂತ್ರವೇ ಬೇಕು. ಆದರೆ ಅದು ಕ್ಲಬ್ಬಿನ ಕೋಣೆಯಲ್ಲಿ ಇರಬೇಕಾಗಿಲ್ಲ. ವಾರಕ್ಕೆ ಎರಡಾದರೂ ಪ್ರಿಂಟ್ ಮಾಡುವ ಸದಸ್ಯರು ನಮ್ಮಲ್ಲಿ ಒಬ್ಬಿಬ್ಬರಿದ್ದಾರೆ. ಪ್ರಿಂಟರ್ ಅವರದೇ ಆಗಿ ಅವರ ಮನೆಯಲ್ಲೇ ಇರಲಿ. 30×40 ಸೆಂ.ಮೀ.ಗೆ ಎ3+ ಅಳತೆ ಸಾಕು, ಹದಿನೇಳು ಇಂಚು ಬೇಕಿಲ್ಲ. ಕ್ಲಬ್ಬು ಹಾಳೆಯೊಂದಕ್ಕೆ ಇಂಕು, ಕಾಗದ, ಹೆಡ್ಡಿನ ಸವೆತ ಸೇರಿಸಿ ಒಂದು ದರ ಗೊತ್ತು ಮಾಡಿ ಕೊಡಲಿ.

ಹಿರಿಯರು: ಆಗ ಅವರೇ ದೊಡ್ಡ ಮನುಷ್ಯರಾಗಿಬಿಡುತ್ತಾರೆ. ಬೇಕಾದವರಿಗೆ ಇವತ್ತೇ, ಬೇಡದವರಿಗೆ ಮುಂದಿನ ವಾರ.

ಖಜಾಂಚಿ: ಆ ಅಪಾಯ ಇದೆ. ಆದರೆ ಸಾಮಾನ್ಯ ಕೋಣೆಯ ಬೀಗದ ಕೈ ಹಿಡಿದವರ ವಿಷಯದಲ್ಲೂ ಅದು ಇದ್ದೇ ಇರುತ್ತದೆ. ಇಲ್ಲಿ ದರ ಮತ್ತು ಸರದಿ ಎರಡನ್ನೂ ಮೊದಲೇ ಬರೆದಿಟ್ಟರೆ ಅಪಾಯ ಎಷ್ಟೋ ಕಡಿಮೆ. ಯಂತ್ರ ತಮ್ಮದಾದ್ದರಿಂದ ಅವರು ನಾಝಲ್ ಚೆಕ್ (ಹೆಡ್ಡಿನ ರಂಧ್ರ ಕಟ್ಟಿದೆಯೇ ಎಂಬ ಪರೀಕ್ಷೆ) ಮಾಡುವುದನ್ನು ಮರೆಯುವುದಿಲ್ಲ. ಪ್ರಿಂಟ್ ಮಾಡುವವರ ಪಕ್ಕದಲ್ಲಿ ಕೂತು ನೋಡುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇರಬೇಕು ಎಂದು ಒಂದು ಷರತ್ತು ಹಾಕೋಣ, ನಿಮ್ಮ ಕಲಿಕೆಯ ಮಾತು ಅಲ್ಲಿ ಸಲ್ಲುತ್ತದೆ. ವರ್ಷವಿಡೀ ವಾರವಾರವೂ ಕೆಲಸ ಬಂತು ಎಂದು ಅವರ ಲೆಕ್ಕದ ಪುಸ್ತಕ ತೋರಿಸಿದರೆ, ಕ್ಲಬ್ಬಿಗೇ ಒಂದು ಪ್ರಿಂಟರ್ ಕೊಳ್ಳುವ ಮಾತನ್ನು ನಾನೇ ಸಭೆಯ ಮುಂದೆ ಇಡುತ್ತೇನೆ.

ಹಿರಿಯರು: ಸರಿ, ಬರೆದುಕೊಳ್ಳಿ. ಆದರೆ ಸ್ಟ್ಯಾಂಡ್ ಬಂದ ಮೊದಲ ದಿನವೇ ಎಲ್ಲರೂ ತಮ್ಮ ತಮ್ಮ ಡಬ್ಬ ಹೊತ್ತು ತರುತ್ತಾರೆ. ಸರದಿ ಹೇಗೆ, ಹಿರಿತನದ ಮೇಲೋ ಚೀಟಿ ಎತ್ತಿಯೋ?

ಖಜಾಂಚಿ: ಫಿಲ್ಮಿನ ಸ್ಥಿತಿಯ ಮೇಲೆ. ಡಬ್ಬದ ಮುಚ್ಚಳ ತೆಗೆದಾಗ ವಿನಿಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ. ಸೆಕೆ, ತೇವ ಎರಡೂ ಇರುವ ಕಡೆ ಅದು ಬೇಗ ಹೆಚ್ಚುತ್ತದೆ, ಪಕ್ಕದ ಫಿಲ್ಮಿಗೂ ಹಬ್ಬುತ್ತದೆ. ಅವು ಮೊದಲು, ಬೇರೆ ಡಬ್ಬಕ್ಕೆ ಹಾಕಿಸಿ. ಅದರ ಹಿಂದೆ ಬಣ್ಣ ಮಾಸುತ್ತಿರುವ ಹಳೆಯ ಬಣ್ಣದ ಸ್ಲೈಡು, ನೆಗೆಟಿವ್. ಚೆನ್ನಾಗಿ ಫಿಕ್ಸ್ ಮಾಡಿ ತೊಳೆದ ಕಪ್ಪು-ಬಿಳುಪು ನೆಗೆಟಿವ್‌ನ ಬೆಳ್ಳಿ ಇನ್ನೂ ಬಹುಕಾಲ ಗಟ್ಟಿ, ಅವು ಕೊನೆಗೆ.

ಹಿರಿಯರು: ಅಂದರೆ ಚೆನ್ನಾಗಿ ತೊಳೆದಿಟ್ಟವನು ಸಾಲಿನ ಕೊನೆಗೆ ನಿಲ್ಲಬೇಕು!

ಖಜಾಂಚಿ: ನಿಮ್ಮವು ಯಾವ ಡಬ್ಬದಲ್ಲಿವೆ ಸರ್? ಭಾನುವಾರ ತನ್ನಿ, ಮುಚ್ಚಳ ತೆಗೆದು ಮೂಸಿ ನೋಡಿಯೇ ನಿಮ್ಮ ನಂಬರ್ ಹೇಳುತ್ತೇನೆ.